ರೆಪ್ಪೆಯ ಹಿಂದಿನ ಕಣ್ಣು

ಹುಟ್ಟಿದ ಮಗುವಿನ ಒಂದು ಕಣ್ಣು ಅರ್ಧವೇ ತೆರೆದುಕೊಂಡರೆ ನಮ್ಮ ಕಡೆ ಮೊದಲು ಕೇಳಿಬರುವ ಮಾತು, ‘ಇನ್ನೂ ಎಳೇ ಕೂಸು ಬುಡಮ್ಮ, ಬೆಳೀತಾ ಬೆಳೀತಾ ಸರಿಹೋಗ್ತೈತೆ’ ಎಂಬುದು. ಹೇಳುವವರದು ಕೆಟ್ಟ ಮನಸ್ಸಲ್ಲ. ಬಾಣಂತಿ ಕೊರಗಬಾರದು, ಹಾಲು ಬತ್ತಬಾರದು ಎಂಬ ಕಾಳಜಿ. ಎರಡನೆಯ ಮಾತು ಕೆಲವು ತಿಂಗಳು ಕಳೆದ ಮೇಲೆ ಬರುತ್ತದೆ, ಅದೂ ಮಗು ಹೆಣ್ಣಾಗಿದ್ದರೆ: ‘ಮುಂದೆ ಹೆಂಗೆ? ನೋಡೋಕೆ ಬಂದೋರು ಏನಂತಾರೆ?’ ಒಂದು ಮಾತು ಕಾಯಲು ಹೇಳುತ್ತದೆ, ಇನ್ನೊಂದು ಅಂದಕ್ಕಾಗಿ ಅಳುತ್ತದೆ. ಇವೆರಡರ ನಡುವೆ ಯಾರೂ ಕೇಳದೆ ಉಳಿಯುವ ಪ್ರಶ್ನೆ, ಆ ಇಳಿಬಿದ್ದ ರೆಪ್ಪೆಯ ಹಿಂದಿರುವ ಕಣ್ಣು ನೋಡುವುದನ್ನು ಕಲಿಯುತ್ತಿದೆಯೇ ಎಂಬುದು. ಹೌದು, ನೋಡುವುದನ್ನೂ ಕಲಿಯಬೇಕು. ಮಾತು ಕಲಿಯುವಂತೆ, ನಡಿಗೆ ಕಲಿಯುವಂತೆ ಅದಕ್ಕೂ ಒಂದು ವಯಸ್ಸಿದೆ.

ತುಮಕೂರು ನಗರದ ಅಂಚಿನ ಸತ್ಯಮಂಗಲದ ಒಂದು ಮನೆಯನ್ನು ಕಣ್ಣ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹಳ್ಳಿಯಾಗಿದ್ದ ಊರು, ಈಗ ಕೈಗಾರಿಕಾ ಪ್ರದೇಶ, ಪಾಳಿ ಕೆಲಸ, ಬಾಡಿಗೆ ಮನೆಗಳು. ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆಯೇ ಹೊರಟರೆ ಮಗುವಿನ ಜೊತೆ ಉಳಿಯುವುದು ಅಜ್ಜಿ. ಗುಬ್ಬಿಯಲ್ಲಿ, ಕುಣಿಗಲ್‌ನಲ್ಲಿ ಕೂಡ ಇಂಥ ಮನೆಗಳಿಗೇನೂ ಕಡಿಮೆಯಿಲ್ಲ. ಹೀಗಾಗಿ ಮಗುವಿನ ಕಣ್ಣನ್ನು ದಿನವಿಡೀ ನೋಡುವವರು ಇಬ್ಬರೇ: ಮನೆಯಲ್ಲಿ ಅಜ್ಜಿ, ಮೂರು ತುಂಬಿದ ಮೇಲೆ ಅಂಗನವಾಡಿಯ ಟೀಚರ್. ಏನನ್ನು ಗಮನಿಸಬೇಕೆಂದು ಇವರಿಗೆ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಮೊಬೈಲಿನಲ್ಲಿರುವ ಫೋಟೊಗಳನ್ನೇ ತೆಗೆದು ನೋಡಿ. ನಾಮಕರಣದ್ದು, ಮೊದಲ ಹುಟ್ಟುಹಬ್ಬದ್ದು, ಸಿದ್ಧಗಂಗೆ ಜಾತ್ರೆಯಲ್ಲಿ ಅಪ್ಪನ ಹೆಗಲ ಮೇಲೆ ಕೂತದ್ದು. ರೆಪ್ಪೆ ಇಳಿಬಿದ್ದ ಮಗು ಚಿತ್ರ ಚಿತ್ರದಲ್ಲೂ ಗದ್ದ ಎತ್ತಿರುತ್ತದೆ. ಎಳೆಯ ಹಣೆಯಲ್ಲಿ ಆಗಲೇ ಗೆರೆ ಬಿದ್ದಿರುತ್ತದೆ. ಒಂದು ಹುಬ್ಬು ಇನ್ನೊಂದಕ್ಕಿಂತ ಮೇಲೇರಿರುತ್ತದೆ. ‘ಏನು ಜಂಬ ನೋಡು ಇವಳಿಗೆ’ ಎಂದು ಬೀದಿಯವರು ನಗುತ್ತಾರೆ. ಕೆಳಗಿಳಿದ ರೆಪ್ಪೆಯ ಅಡಿಯಿಂದ ಜಗತ್ತನ್ನು ಕಾಣಲು ಆ ಮಗು ಯಾರೂ ಹೇಳಿಕೊಡದೆ ತಾನೇ ಕಂಡುಕೊಂಡ ಉಪಾಯ ಅದು. ಒಂದು ರೀತಿಯಲ್ಲಿ ಒಳ್ಳೆಯ ಲಕ್ಷಣವೂ ಹೌದು, ಆ ಕಣ್ಣು ನೋಡಲೇಬೇಕೆಂದು ಹಟ ಹಿಡಿದಿದೆ ಎಂದರ್ಥ. ಇಷ್ಟು ದಿನ ಗದ್ದ ಎತ್ತುತ್ತಿದ್ದ ಮಗು, ರೆಪ್ಪೆ ಇದ್ದಲ್ಲೇ ಇದ್ದರೂ, ಎತ್ತುವುದನ್ನು ಬಿಟ್ಟುಬಿಟ್ಟರೆ ‘ಸದ್ಯ, ಅಭ್ಯಾಸ ತಪ್ಪಿತು’ ಎಂದು ಸಮಾಧಾನಪಡಬೇಡಿ. ಒಂದೇ ಕಡೆಯ ರೆಪ್ಪೆ ಇಳಿದಿದ್ದರೆ, ಆ ಕಣ್ಣಿನ ಆಸೆ ಬಿಟ್ಟು ಇನ್ನೊಂದರಲ್ಲೇ ಕೆಲಸ ಸಾಗಿಸುವುದನ್ನು ಮಗು ರೂಢಿಸಿಕೊಂಡಿರಬಹುದು. ಹುಬ್ಬು ಎತ್ತುವ ಗೋಜಿಗೇ ಹೋಗದ ಮಗುವನ್ನು ಕಣ್ಣಿನ ಡಾಕ್ಟರು ಇನ್ನಷ್ಟು ಎಚ್ಚರದಿಂದ ಪರೀಕ್ಷಿಸುವುದು ಇದಕ್ಕೇ.

ಮೇಲಿನ ರೆಪ್ಪೆಯನ್ನು ಎತ್ತುವುದಕ್ಕೆಂದೇ ಕಣ್ಣುಗೂಡಿನ ಹಿಂಬದಿಯಿಂದ ಬರುವ ತೆಳ್ಳನೆಯ ಸ್ನಾಯುವೊಂದಿದೆ. ಡಾಕ್ಟರು ಅದನ್ನು ಲಿವೇಟರ್ ಎನ್ನುತ್ತಾರೆ; ರೆಪ್ಪೆ ಇಳಿಬೀಳುವುದನ್ನು ಟೋಸಿಸ್ ಎನ್ನುತ್ತಾರೆ. ಹುಟ್ಟಿನಿಂದ ಬಂದ ಟೋಸಿಸ್‌ನಲ್ಲಿ ಬಹುಪಾಲು, ಆ ಸ್ನಾಯು ಗರ್ಭದಲ್ಲೇ ಸರಿಯಾಗಿ ರೂಪುಗೊಂಡಿರುವುದಿಲ್ಲ. ಎಳೆಯಬೇಕಾದ ತಂತುಗಳ ಜಾಗದಲ್ಲಿ ನಾರು, ಕೊಬ್ಬು ಸೇರಿಕೊಂಡಿರುತ್ತದೆ. ತುಕ್ಕು ಹಿಡಿದ ಅಂಗಡಿ ಷಟರಿನಂತೆ ಅದು ಪೂರ್ತಿ ಮೇಲೂ ಹೋಗದು, ಪೂರ್ತಿ ಕೆಳಗೂ ಬಾರದು. ಅದರಿಂದಲೇ ಮಗು ಕೆಳಗೆ ನೋಡಿದಾಗ ಇಳಿಬಿದ್ದ ರೆಪ್ಪೆಯೇ ಇನ್ನೊಂದಕ್ಕಿಂತ ಮೇಲೆ ನಿಂತಿರುತ್ತದೆ, ನಿದ್ದೆಯಲ್ಲಿ ಆ ಕಣ್ಣು ಒಂದು ಗೆರೆಯಷ್ಟು ತೆರೆದೇ ಇರುತ್ತದೆ. ತೊಟ್ಟಿಲು ತೂಗುವ ಅಜ್ಜಿ ಇದನ್ನು ಡಾಕ್ಟರಿಗಿಂತ ಎಷ್ಟೋ ಮೊದಲು ಕಂಡಿರುತ್ತಾಳೆ. ಆಸ್ಪತ್ರೆಗೆ ಹೋಗುವಾಗ ಅವಳನ್ನೂ ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು.

ಹೀಗೆ ರೂಪುಗೊಂಡ ಸ್ನಾಯು ಬೆಳೆಯುತ್ತಾ ಸರಿಹೋಗುವುದಿಲ್ಲ. ಹಾಗೆಯೇ, ಅದು ಹೀಗೆ ರೂಪುಗೊಂಡದ್ದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಗ್ರಹಣದ ದಿನ ಹೊರಗೆ ಬಂದಳು, ಬೇಡವೆಂದರೂ ಪರಂಗಿ ಹಣ್ಣು ತಿಂದಳು, ಏಳು ತಿಂಗಳಿಗೂ ಮಿಷನ್ ತುಳಿಯುತ್ತಿದ್ದಳು ಎಂಬ ಮಾತುಗಳನ್ನು ದಯವಿಟ್ಟು ನಿಲ್ಲಿಸಿ. ಆ ಮಾತುಗಳಿಗೆ ಕುಗ್ಗಿದ ತಾಯಿ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೇ ಕೂರುತ್ತಾಳೆ. ಆಗ ಹಾಳಾಗುವುದು ಮಗುವಿಗೆ ಬೇಕಾಗಿದ್ದ ಸಮಯ.

ಕಣ್ಣಿನ ವಿಷಯದಲ್ಲಿ ಕಾಯುವುದು ನಮಗೆ ಎಲ್ಲಿಂದ ರೂಢಿಯಾಯಿತು ಎಂದು ಯೋಚಿಸಿದ್ದೇನೆ. ಕರ್ನಾಟಕದ ಹಳ್ಳಿಗಳಿಗೆ ಕಣ್ಣಿನ ಆಪರೇಷನ್ ಪರಿಚಯವಾದದ್ದು ಬಹುಮಟ್ಟಿಗೆ ಶಿಬಿರಗಳಿಂದ. ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಸಾಲುಸಾಲಾಗಿ ಮಲಗಿಸಿ ಪೊರೆ ತೆಗೆದದ್ದನ್ನು ಹಿರಿಯರು ಇಂದಿಗೂ ಕೈಮುಗಿದು ನೆನೆಯುತ್ತಾರೆ. ಅವರಿಂದ ಬೆಳಕು ಕಂಡವರಿಗೆ ಲೆಕ್ಕವಿಲ್ಲ. ಆ ಕಾಲದಿಂದ ಮನೆಮನೆಯಲ್ಲಿ ಉಳಿದುಕೊಂಡ ತಿಳಿವಳಿಕೆಯೊಂದಿದೆ: ಪೊರೆ ಬಲಿಯಬೇಕು, ಅವಸರ ಬೇಡ, ಯಾವತ್ತು ತೆಗೆದರೂ ಕಣ್ಣು ಬರುತ್ತದೆ. ಎಪ್ಪತ್ತರ ಅಜ್ಜನ ವಿಷಯದಲ್ಲಿ ಹಾಗೆ ಕಾದರೂ ಹೆಚ್ಚಿನ ಸಲ ದೃಷ್ಟಿ ಮರಳುತ್ತಿತ್ತು. ಅಜ್ಜನ ಮಿದುಳು ನೋಡುವುದನ್ನು ಕಲಿತು ಅರವತ್ತು ವರ್ಷಕ್ಕೂ ಹೆಚ್ಚಾಗಿದೆ. ಪೊರೆ ಸರಿದರೆ ಸಾಕು, ಕಲಿತದ್ದು ಅಲ್ಲೇ ಇದೆ. ಮಗುವಿನ ಮಿದುಳು ಅದನ್ನು ಇನ್ನೂ ಕಲಿಯುತ್ತಿದೆ. ಅಜ್ಜನ ಕಣ್ಣಿನ ತಾಳ್ಮೆಯನ್ನು ಮೊಮ್ಮಗಳ ಕಣ್ಣಿಗೆ ಅನ್ವಯಿಸಿದ್ದೇ ನಮ್ಮ ದೊಡ್ಡ ತಪ್ಪು ಎಂದು ನನಗನ್ನಿಸುತ್ತದೆ.

ಇದಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು 1960ರ ದಶಕದಲ್ಲಿ. ಅಮೆರಿಕದ ಹಾರ್ವರ್ಡ್‌ನಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು, ಕೆಲವು ತಿಂಗಳ ನಂತರ ಬಿಚ್ಚಿ ನೋಡಿದರು. ಓದುವಾಗ ಸಂಕಟವಾಗುವ ಪ್ರಯೋಗ. ಕಣ್ಣುಗುಡ್ಡೆಗೆ ಏನೂ ಆಗಿರಲಿಲ್ಲ, ಆದರೆ ಆ ಕಣ್ಣಿನ ಸುದ್ದಿಗೆ ಓಗೊಡುವ ಕೋಶಗಳು ಮಿದುಳಿನಲ್ಲಿ ಹೆಚ್ಚುಕಡಿಮೆ ಇಲ್ಲವಾಗಿದ್ದವು. ಬೆಳೆದ ಬೆಕ್ಕಿನ ರೆಪ್ಪೆಯನ್ನು ಹಾಗೆಯೇ ಮುಚ್ಚಿಟ್ಟರೂ ಅಂಥ ನಷ್ಟ ಕಾಣಲಿಲ್ಲ. ದೃಷ್ಟಿಯ ಬಗೆಗಿನ ಸಂಶೋಧನೆಗಾಗಿ ಇಬ್ಬರಿಗೂ 1981ರಲ್ಲಿ ನೊಬೆಲ್ ಬಂತು. ಮನುಷ್ಯರ ಮಕ್ಕಳಲ್ಲಿ ಈ ಕಲಿಕೆ ಬಹುಪಾಲು ಮೊದಲ ಏಳೆಂಟು ವರ್ಷಗಳಲ್ಲಿ ಮುಗಿಯುತ್ತದೆ. ಮೊದಲ ತಿಂಗಳುಗಳು ಎಲ್ಲಕ್ಕಿಂತ ನಾಜೂಕು.

ಕಣ್ಣು ನೆಟ್ಟಗಿದ್ದೂ ಮಿದುಳು ಅದನ್ನು ಬಳಸದೆ ದೃಷ್ಟಿ ಮಂದವಾಗಿಯೇ ಉಳಿಯುವುದಕ್ಕೆ ಆಂಬ್ಲಿಯೋಪಿಯಾ ಎನ್ನುತ್ತಾರೆ. ಲೇಜಿ ಐ ಎಂದರೆ ಹೆಚ್ಚು ಜನಕ್ಕೆ ಗೊತ್ತು. ರೆಪ್ಪೆ ಪಾಪೆಯನ್ನೇ ಮುಚ್ಚಿಕೊಂಡಿದ್ದರೆ ಹೀಗಾಗುತ್ತದೆ ಎಂದು ಯಾರಾದರೂ ಊಹಿಸಬಲ್ಲರು. ಊಹೆಗೆ ಸಿಗದ ಸಂಗತಿಯೆಂದರೆ, ಪಾಪೆ ಪೂರ್ತಿ ಕಾಣುತ್ತಿದ್ದರೂ ಇದು ಆಗಬಹುದು. ರೆಪ್ಪೆ ಇಳಿದ ಕಣ್ಣಿನ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಉಬ್ಬು ಎಲ್ಲ ಕಡೆ ಒಂದೇ ಸಮನಾಗಿರದೆ, ಕನ್ನಡಕದ ಅಂಗಡಿಯವರು ಸಿಲಿಂಡರ್ ನಂಬರ್ ಎನ್ನುವ ದೋಷ ಇರುವುದುಂಟು. ಒಂದು ಕಣ್ಣಿಗೆ ಚಿತ್ರ ಸ್ಪಷ್ಟ, ಇನ್ನೊಂದಕ್ಕೆ ಕಲಸಿದಂತೆ. ಮಿದುಳು ಸ್ಪಷ್ಟವಾದದ್ದನ್ನು ಇಟ್ಟುಕೊಂಡು ಕಲಸಿದ್ದನ್ನು ಬಿಡುತ್ತದೆ. ಜೊತೆಗೆ ಮೆಳ್ಳೆಗಣ್ಣೂ ಸೇರಿರಬಹುದು. ಹೀಗಿರುವಾಗ ‘ಗುಡ್ಡೆ ಕಾಣ್ತೈತಲ್ಲ, ಏನೂ ಆಗಲ್ಲ’ ಎಂದು ಮನೆಯಲ್ಲೇ ತೀರ್ಮಾನ ಮಾಡುವಂತಿಲ್ಲ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ಎಂದು ಗೊತ್ತಿದ್ದರೆ ಹೆದರಿಕೆ ಕಡಿಮೆಯಾಗುತ್ತದೆ, ಅದಕ್ಕೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮಗು ಅಮ್ಮನ ತೊಡೆಯ ಮೇಲೆ ಕೂತಿರುತ್ತದೆ. ಡಾಕ್ಟರು ಹೆಬ್ಬೆರಳಿನಿಂದ ಹುಬ್ಬನ್ನು ಮೆತ್ತಗೆ ಒತ್ತಿ ಹಿಡಿಯುತ್ತಾರೆ, ಹಣೆಯ ಸಹಾಯ ರೆಪ್ಪೆಗೆ ಸಿಗದಿರಲಿ ಎಂದು. ಇನ್ನೊಂದು ಕೈಯಲ್ಲಿ ಪುಟ್ಟ ಸ್ಕೇಲು. ಯಾರಾದರೊಬ್ಬರು ಗಿಲಕಿಯನ್ನು ಕೆಳಗೆ ಹಿಡಿದು ನಿಧಾನವಾಗಿ ಮೇಲಕ್ಕೆ ಎತ್ತುತ್ತಾರೆ. ಮಗುವಿನ ನೋಟ ಅದರ ಹಿಂದೆ ಏರುವಾಗ ರೆಪ್ಪೆಯ ಅಂಚು ಎಷ್ಟು ಮೇಲೆ ಬಂತೆಂದು ಅಳೆಯುತ್ತಾರೆ. ಆರೋಗ್ಯವಂತ ಸ್ನಾಯು ರೆಪ್ಪೆಯನ್ನು ಸುಮಾರು 15 ಮಿಲಿಮೀಟರ್ ಎತ್ತುತ್ತದೆ. 4 ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ ಬಂದರೆ ಸ್ನಾಯುವಿನಲ್ಲಿ ಬಲವೇ ಇಲ್ಲ ಎಂದು ಲೆಕ್ಕ. ಮುಂದೆ ಯಾವ ಆಪರೇಷನ್ ಎಂಬುದು ಹೆಚ್ಚಾಗಿ ಈ ಅಳತೆಯ ಮೇಲೆ ನಿಂತಿದೆ. ಆಮೇಲೆ ಒಂದೊಂದೇ ಕಣ್ಣನ್ನು ಅಂಗೈಯಲ್ಲಿ ಮುಚ್ಚಿ ನೋಡುತ್ತಾರೆ. ಚೆನ್ನಾಗಿರುವ ಕಣ್ಣನ್ನು ಮುಚ್ಚಿದ ಕೂಡಲೇ ಮಗು ರಚ್ಚೆ ಹಿಡಿದು ಕೈ ತಳ್ಳಿ, ರೆಪ್ಪೆ ಇಳಿದ ಕಣ್ಣನ್ನು ಮುಚ್ಚಿದಾಗ ಸುಮ್ಮನೆ ಆಡುತ್ತಿದ್ದರೆ, ಮಾತು ಬಾರದ ಮಗು ತನ್ನ ಕಷ್ಟವನ್ನು ಹೇಳಿಕೊಂಡಂತೆ. ಇದನ್ನು ಮನೆಯಲ್ಲಿ ಅಜ್ಜಿಯೂ ನೋಡಬಹುದು.

ಹಾಲುಗಲ್ಲದ ಮಗುವಿಗೆ ಕನ್ನಡಕದ ನಂಬರ್ ಹೇಗೆ ತಿಳಿಯುತ್ತದೆ, ಅಕ್ಷರ ಓದಬೇಕಲ್ಲ ಎಂದು ಕೇಳುವವರಿದ್ದಾರೆ. ಓದಬೇಕಾಗಿಲ್ಲ. ಪಾಪೆ ಹಿಗ್ಗಿಸುವ ಔಷಧಿ ಹಾಕಿ, ಕಣ್ಣಿನೊಳಗೆ ಬೆಳಕು ಬಿಟ್ಟು, ಅದು ಹೇಗೆ ಹೊರಳುತ್ತದೆ ಎಂಬುದರಿಂದಲೇ ನಂಬರ್ ಕಂಡುಹಿಡಿಯುತ್ತಾರೆ. ಔಷಧಿ ಹಾಕಿದ ದಿನ ಮಗುವಿಗೆ ಬಿಸಿಲು ಕುಕ್ಕುತ್ತದೆ. ಒಂದು ಟೋಪಿಯೋ ಕೊಡೆಯೋ ಜೊತೆಗಿರಲಿ.

ಕನ್ನಡಕ ಬಂದ ಮೇಲೆ, ಬೇಕಾದವರಿಗೆ, ಪಟ್ಟಿ. ಇಲ್ಲಿಂದ ಮನೆಯ ಕೆಲಸ ಶುರು, ಮತ್ತು ಇದೇ ನಿಜವಾದ ಕೆಲಸ. ಚೆನ್ನಾಗಿ ಕಾಣುವ ಕಣ್ಣಿನ ಮೇಲೆ ಪ್ಯಾಚ್ ಅಂಟಿಸಿ, ಹಿಂದೆ ಬಿದ್ದ ಕಣ್ಣು ದುಡಿಯುವಂತೆ ಮಾಡುವುದು. ‘ನೆಟ್ಟಗಿರೋ ಕಣ್ಣನ್ನ ಮುಚ್ಚಿ ಕುಂಟು ಕಣ್ಣಾಗೆ ನೋಡು ಅಂತೀರಲ್ಲ, ಇದ್ಯಾವ ನ್ಯಾಯ?’ ಎಂದು ಅಜ್ಜಿ ಕೇಳುತ್ತಾಳೆ. ಕೇಳಬೇಕಾದ ಪ್ರಶ್ನೆಯೇ. ಚೆನ್ನಾಗಿರುವುದು ಮುಂದೆ ನಿಂತಷ್ಟು ಕಾಲ ಹಿಂದಿನದಕ್ಕೆ ಕಲಿಯುವ ಸರದಿ ಬರುವುದಿಲ್ಲ ಎಂದು ಅವಳಿಗೆ ಕೂತು ಹೇಳಿದರೆ ಅರ್ಥವಾಗುತ್ತದೆ. ಸಾಧಾರಣ ಮಟ್ಟದ ತೊಂದರೆಗೆ ದಿನಕ್ಕೆ 2 ಗಂಟೆ, ತೀವ್ರವಾಗಿದ್ದರೆ 6 ಗಂಟೆಯವರೆಗೆ ಹೇಳುವುದುಂಟು. ಎಷ್ಟು ಹೊತ್ತು ಎಂಬುದನ್ನು ಡಾಕ್ಟರೇ ಹೇಳಬೇಕು, ಹೇಳಿದಷ್ಟೇ ಹಾಕಬೇಕು. ಬೇಗ ಸರಿಹೋಗಲಿ ಎಂದು ದಿನವಿಡೀ ಮುಚ್ಚಿಟ್ಟರೆ ಚೆನ್ನಾಗಿದ್ದ ಕಣ್ಣೇ ಹಿಂದೆ ಬೀಳಬಹುದು.

ಪಟ್ಟಿ ಅಂಟಿಸುವುದು ಬರೆಯುವಷ್ಟು ಸುಲಭವಲ್ಲ. ಮಗು ಕಿತ್ತೆಸೆಯುತ್ತದೆ. ಮತ್ತೆ ಅಂಟಿಸಿದರೆ ಮತ್ತೆ ಕೀಳುತ್ತದೆ, ಕೆನ್ನೆ ಕೆಂಪಾಗುತ್ತದೆ, ಮನೆಯಲ್ಲಿ ಅಳು. ಮೂರನೆಯ ದಿನಕ್ಕೆ ಅಪ್ಪ ‘ಬಿಡು, ಪಾಪ’ ಎಂದುಬಿಡುತ್ತಾನೆ. ದಾಟಬೇಕಾದದ್ದು ಈ ವಾರವನ್ನೇ. ದಿನಕ್ಕೊಂದು ಹೊತ್ತು ಗೊತ್ತುಮಾಡಿ, ಊಟದ ಹೊತ್ತಿನ ಹಾಗೆ. ಮೊದಲು ಗೊಂಬೆಗೊಂದು ಪಟ್ಟಿ, ಆಮೇಲೆ ಮಗುವಿಗೆ. ಪಟ್ಟಿ ಇರುವಷ್ಟು ಹೊತ್ತು ಕೈಗೆ ಕೆಲಸ ಕೊಡಿ. ನಾಲ್ಕು ವರ್ಷದವಳಾದರೆ ಅಜ್ಜಿಯ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯಲಿ, ಕನಕಾಂಬರವನ್ನು ಎರಡೆರಡಾಗಿ ಜೋಡಿಸಿ ಕೊಡಲಿ, ಅಜ್ಜಿ ಕಟ್ಟಲಿ. ಅದಕ್ಕಿಂತ ಚಿಕ್ಕವಳಾದರೆ ಕಾಳು ಬೇಡ, ಗಂಟಲಿಗೆ ಹೋಗುತ್ತದೆ. ಚಿತ್ರದ ಪುಸ್ತಕ ಸಾಕು. ಮೊಬೈಲ್ ಕೊಟ್ಟರೆ ಸುಮ್ಮನಾಗುತ್ತಾಳೆ, ನಿಜ, ಆದರೆ ಅದರ ಅಭ್ಯಾಸ ಬಿಡಿಸುವುದು ಪಟ್ಟಿ ಅಂಟಿಸುವುದಕ್ಕಿಂತ ಕಷ್ಟ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಪಟ್ಟಿಯ ಗಂಟೆಯನ್ನೂ ಬರೆದಿಡಿ, ಮುಂದಿನ ಸಲ ಡಾಕ್ಟರಿಗೆ ತೋರಿಸಲು. ಇದು ವಾರ ಹತ್ತು ದಿನದಲ್ಲಿ ಮುಗಿಯುವುದಲ್ಲ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ. ಆಪರೇಷನ್ ಮಾಡಿದ ಸರ್ಜನ್ನರ ಹೆಸರನ್ನು ಎಲ್ಲರೂ ನೆನಪಿಡುತ್ತಾರೆ. ದಿನವೂ ಪಟ್ಟಿ ಅಂಟಿಸಿದ ಅಜ್ಜಿಯ ಶ್ರಮ ಅದಕ್ಕಿಂತ ಚಿಕ್ಕದೇನಲ್ಲ.

ಕೆಲವು ಮಕ್ಕಳಲ್ಲಿ ಬೇರೊಂದು ವಿಚಿತ್ರ ಕಾಣುತ್ತದೆ. ಮೊಲೆ ಚೀಪುವಾಗ, ಏನಾದರೂ ಅಗಿಯುವಾಗ, ಇಳಿಬಿದ್ದ ರೆಪ್ಪೆ ಪಟಕ್ಕನೆ ಮೇಲೆ ಹಾರಿ ಇಳಿಯುತ್ತದೆ. ನೋಡಿದವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುವುದೂ ಉಂಟು. ದವಡೆಗೆ ಹೋಗಬೇಕಾದ ನರದ ಎಳೆಯೊಂದು ಹುಟ್ಟುವ ಮೊದಲೇ ರೆಪ್ಪೆಯ ಸ್ನಾಯುವಿಗೆ ಕೂಡಿಕೊಂಡಿರುವುದರಿಂದ ಹೀಗಾಗುತ್ತದೆ. ಮಾರ್ಕಸ್ ಗನ್ ಎಂಬ ಕಣ್ಣಿನ ವೈದ್ಯರು ಇದನ್ನು 1883ರಲ್ಲೇ ದಾಖಲಿಸಿದ್ದಾರೆ. ಇನ್ನು ಕೆಲವು ಮನೆತನಗಳಲ್ಲಿ ಅಪ್ಪನಿಗೂ ಅತ್ತೆಗೂ ಕಣ್ಣು ಚಿಕ್ಕವಾಗಿ, ರೆಪ್ಪೆ ಇಳಿದೇ ಇರುತ್ತದೆ. ‘ನಮ್ ವಂಶದ ಕಣ್ಣೇ ಹಂಗೆ’ ಎಂದು ಬಿಡುವ ಬದಲು ಅದನ್ನೂ ಡಾಕ್ಟರಿಗೆ ಹೇಳಬೇಕು. ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಬಗೆಯೊಂದು ಇದರಲ್ಲಿದೆ. ಅದರ ಒಂದು ಪ್ರಕಾರದಲ್ಲಿ ಹೆಣ್ಣುಮಕ್ಕಳ ಮುಟ್ಟು ಬಹಳ ಬೇಗ ನಿಲ್ಲುವ ಸಾಧ್ಯತೆ ಇರುವುದರಿಂದ ಮೊದಲೇ ತಿಳಿದಿರುವುದು ಮೇಲು.

ಹುಟ್ಟಿನಿಂದ ಇಲ್ಲದ್ದು ನಿನ್ನೆ ಮೊನ್ನೆ ಬಂದಿದ್ದರೆ ಮಾತ್ರ ಲೆಕ್ಕವೇ ಬೇರೆ. ರೆಪ್ಪೆ ಇಳಿದ ಕಡೆಯ ಪಾಪೆ ಇನ್ನೊಂದಕ್ಕಿಂತ ಚಿಕ್ಕದೋ ದೊಡ್ಡದೋ ಕಂಡರೆ, ಕಣ್ಣುಗುಡ್ಡೆ ಸರಿಯಾಗಿ ಹೊರಳದಿದ್ದರೆ, ಬೆಳಗ್ಗೆ ತೆರೆದಿರುವ ಕಣ್ಣು ಸಂಜೆಯ ಹೊತ್ತಿಗೆ ಸೋತು ಮುಚ್ಚಿಕೊಳ್ಳುತ್ತಿದ್ದರೆ, ಬೇಗ ತೋರಿಸಬೇಕು. ನಮ್ಮ ಹಳ್ಳಿಗಳಲ್ಲಿ ನೆನಪಿಡಬೇಕಾದ ಇನ್ನೊಂದಿದೆ. ನೆಲದ ಮೇಲೆ ಮಲಗಿದ್ದ ಮಗು ಬೆಳಗ್ಗೆ ಎದ್ದಾಗ ಎರಡೂ ರೆಪ್ಪೆ ಎತ್ತಲಾರದೆ, ನುಂಗಲು ಕಷ್ಟಪಡುತ್ತಿದ್ದರೆ, ರಾತ್ರಿ ಕಟ್ಟುಹಾವು ಕಚ್ಚಿರಬಹುದು. ಅದರ ಕಡಿತದಲ್ಲಿ ಹಲ್ಲಿನ ಗುರುತೂ ಕಾಣದೆ, ನೋವೂ ಇಲ್ಲದೆ ಇರಬಹುದು. ಆಗ ಒಂದು ನಿಮಿಷವೂ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಮನೆಮದ್ದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹರಳೆಣ್ಣೆ, ಎದೆಹಾಲು, ಕಾಡಿಗೆ, ಯಾವುದನ್ನೂ ಕಣ್ಣೊಳಗೆ ಹಾಕಬೇಡಿ. ಸ್ನಾಯುವಿಗೆ ತಲುಪುವುದಿಲ್ಲ, ಸೋಂಕು ತರಬಹುದು. ರೆಪ್ಪೆಯನ್ನು ಟೇಪಿನಿಂದ ಎತ್ತಿ ಅಂಟಿಸುವುದನ್ನು ಡಾಕ್ಟರು ಹೇಳದೆ ಮಾಡಬೇಡಿ, ಕಣ್ಣು ಒಣಗುತ್ತದೆ.

ಆಪರೇಷನ್ ಯಾವಾಗ? ರೆಪ್ಪೆ ಪಾಪೆಯನ್ನು ಮುಚ್ಚಿ ನೋಟಕ್ಕೇ ಅಡ್ಡಿಯಾಗಿದ್ದರೆ ಎಳೆಯ ವಯಸ್ಸಿನಲ್ಲೇ ಮಾಡುತ್ತಾರೆ. ಹಾಗಿಲ್ಲದಿದ್ದರೆ, ಕನ್ನಡಕ ಮತ್ತು ಪಟ್ಟಿಯಿಂದ ದೃಷ್ಟಿಯನ್ನು ಕಾಪಾಡಿಕೊಂಡು, ಸಾಮಾನ್ಯವಾಗಿ 3ರಿಂದ 5 ವರ್ಷದವರೆಗೆ ಕಾಯುತ್ತಾರೆ. ಡಾಕ್ಟರು ಕಾಯೋಣ ಎಂದದ್ದಕ್ಕೂ ಮನೆಯವರು ಕಾದದ್ದಕ್ಕೂ ಇರುವ ಅಂತರ ಇದೇ: ಡಾಕ್ಟರ ಕಾಯುವಿಕೆಯಲ್ಲಿ ಕೆಲವು ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ. ಸ್ನಾಯುವಿನಲ್ಲಿ ತಕ್ಕಮಟ್ಟಿಗೆ ಬಲವಿದ್ದರೆ ಅದನ್ನೇ ಮೊಟಕುಮಾಡಿ ಬಿಗಿಗೊಳಿಸುತ್ತಾರೆ. ಬಲವೇ ಇಲ್ಲದಿದ್ದರೆ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ಜೋಲಿಯಂತೆ ಕಟ್ಟುತ್ತಾರೆ. ಮಗು ಹುಬ್ಬು ಎತ್ತಿದಾಗ ರೆಪ್ಪೆಯೂ ಏಳುತ್ತದೆ. ಕಟ್ಟುವ ಎಳೆ ಸಿಲಿಕೋನ್‌ನದಾಗಿರಬಹುದು, ಅಥವಾ ಮಗುವಿನ ತೊಡೆಯಿಂದಲೇ ತೆಗೆದದ್ದಾಗಿರಬಹುದು. ತೊಡೆಯಿಂದ ಅಷ್ಟು ಉದ್ದದ ಎಳೆ ಸಿಗಬೇಕಾದರೆ ಮಗುವಿಗೆ ಮೂರಾದರೂ ತುಂಬಿರಬೇಕು, ಕಾಯುವುದಕ್ಕೆ ಅದೂ ಒಂದು ಕಾರಣ. ಚಿಕ್ಕ ಮಕ್ಕಳಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಮಾಡುವುದರಿಂದ ಮೊದಲು ಮಕ್ಕಳ ತಜ್ಞರ ಹಾಗೂ ಅರಿವಳಿಕೆ ವೈದ್ಯರ ತಪಾಸಣೆ ಇರುತ್ತದೆ.

ಮನೆಗೆ ಬಂದ ಮೇಲಿನ ಮೊದಲ ರಾತ್ರಿ ತಾಯಂದಿರು ಗಾಬರಿಯಾಗುತ್ತಾರೆ, ಮಗು ಕಣ್ಣು ಬಿಟ್ಟುಕೊಂಡೇ ಮಲಗಿದೆ ಎಂದು. ಎತ್ತಿ ಕಟ್ಟಿದ ರೆಪ್ಪೆ ನಿದ್ದೆಯಲ್ಲಿ ಪೂರ್ತಿ ಮುಚ್ಚುವುದಿಲ್ಲ, ಅದು ನಿರೀಕ್ಷಿತವೇ. ಆದರೆ ಆ ಸಂದಿಯಲ್ಲಿ ಕಾರ್ನಿಯಾ ಒಣಗಿ ಹುಣ್ಣಾಗಬಾರದು. ಅದಕ್ಕೇ ಹಗಲು ಹನಿ, ರಾತ್ರಿ ಮುಲಾಮು, ಹೇಳಿದಷ್ಟು ತಿಂಗಳು ತಪ್ಪದೆ ಹಾಕಬೇಕು. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೇಡ. ಲಾರಿ ಓಡಾಡುವ ಸತ್ಯಮಂಗಲದಂಥ ಕಡೆ ಧೂಳಿಗೆ ಕಿಟಕಿ ಪರದೆ ಎಳೆಯಬೇಕು. ಕಣ್ಣು ಕೆಂಪಾಗಿ, ನೀರು ಸುರಿದು, ಮಗು ಬೆಳಕಿಗೆ ಮುಖ ತಿರುಗಿಸಿದರೆ ನಾಳೆಗೆ ಮುಂದೂಡದೆ ಅವತ್ತೇ ಕರೆದೊಯ್ಯಬೇಕು. ಎರಡೂ ಕಣ್ಣು ಅಳೆದು ಇಟ್ಟಂತೆ ಸಮನಾಗುತ್ತವೆ ಎಂದು ಆಸೆ ಇಟ್ಟುಕೊಳ್ಳಬೇಡಿ; ನೇರ ನೋಡುವಾಗ ಸರಿಯಾಗಿ ಕಂಡರೂ ಕೆಳಗೆ ನೋಡುವಾಗ ವ್ಯತ್ಯಾಸ ಉಳಿಯುತ್ತದೆ. ವರ್ಷಗಳ ಮೇಲೆ ರೆಪ್ಪೆ ಮತ್ತೆ ಇಳಿದು ಇನ್ನೊಮ್ಮೆ ಮಾಡಬೇಕಾಗಿ ಬರುವುದೂ ಉಂಟು. ರೆಪ್ಪೆ ಎದ್ದಿತು ಎಂದು ಕನ್ನಡಕ, ಪಟ್ಟಿಯನ್ನು ಮೂಲೆಗೆ ಹಾಕುವಂತಿಲ್ಲ. ಆಪರೇಷನ್ ಆದ ಮೇಲೆ ನಂಬರ್ ಬದಲಾಗಬಹುದು, ಮತ್ತೆ ಪರೀಕ್ಷೆ ಮಾಡಿಸಬೇಕು.

ಎಲ್ಲಿಗೆ ಹೋಗುವುದು, ಖರ್ಚೆಷ್ಟು ಎಂಬ ಚಿಂತೆ ಸಹಜ. ಮೊದಲ ತಪಾಸಣೆಗೆ ತುಮಕೂರಿನ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗವಿದೆ. ಅಲ್ಲಿಂದ ಮುಂದೆ ಕಳಿಸಿದರೆ ಬೆಂಗಳೂರು ಸುಮಾರು 70 ಕಿಲೋಮೀಟರ್. 1896ರಲ್ಲಿ ಆರಂಭವಾದ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಅಲ್ಲಿದೆ, ಕೆ.ಆರ್. ಮಾರುಕಟ್ಟೆ ಮೆಟ್ರೊ ನಿಲ್ದಾಣಕ್ಕೆ ಹತ್ತಿರ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಯಾವ ಆಸ್ಪತ್ರೆಗೆ, ಯಾವ ಶಿಫಾರಸು ಪತ್ರದೊಂದಿಗೆ ಹೋಗಬೇಕೆಂದು ಜಿಲ್ಲಾ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳಿ. ಖರ್ಚು ಅಂದರೆ ಆಸ್ಪತ್ರೆಯ ಬಿಲ್ ಮಾತ್ರವಲ್ಲ ಎಂಬುದು ನನಗೆ ಗೊತ್ತು. ಒಂದು ಸಲ ಬೆಂಗಳೂರಿಗೆ ಹೋದರೆ ಅಪ್ಪನದೋ ಅಮ್ಮನದೋ ಒಂದು ದಿನದ ಹಾಜರಿ ಹೋಗುತ್ತದೆ. ಹಲವು ವರ್ಷ ನಡೆಯುವ ಈ ಚಿಕಿತ್ಸೆಯಲ್ಲಿ ಮನೆಯವರು ಅರ್ಧಕ್ಕೆ ಕೈಬಿಡುವುದು ಮಗುವಿನ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಕಾರ್ಖಾನೆ ನಡೆಸುವವರು ಇಂಥ ತಾಯಿಗೆ ತಪಾಸಣೆಯ ದಿನ ಸಂಬಳ ಹಿಡಿಯದೆ ರಜೆ ಕೊಟ್ಟರೆ ಅದೂ ಚಿಕಿತ್ಸೆಯ ಭಾಗವೇ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಆರೋಗ್ಯ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರಬೇಕು. ಅವರು ಹುಡುಕುವ 30 ತೊಂದರೆಗಳಲ್ಲಿ ಹುಟ್ಟು ದೋಷಗಳು ಒಂಬತ್ತು. ಆ ಒಂಬತ್ತರಲ್ಲಿ ಕಣ್ಣಿಗೆ ಸೇರಿದವು ಹುಟ್ಟುಪೊರೆ ಮತ್ತು ದಿನ ತುಂಬದೆ ಹುಟ್ಟಿದ ಶಿಶುಗಳ ರೆಟಿನಾ ತೊಂದರೆ, ಎರಡೇ. ಇಳಿಬಿದ್ದ ರೆಪ್ಪೆಗೆ ಆ ಪಟ್ಟಿಯಲ್ಲಿ ಹೆಸರಿಲ್ಲ. ಆದರೆ ದೃಷ್ಟಿದೋಷ ಎಂಬುದು ಪಟ್ಟಿಯ ಇನ್ನೊಂದು ಭಾಗದಲ್ಲಿದೆ. ಟೀಚರ್ ಬೆರಳು ಮಾಡಿ ತೋರಿಸಿದರೆ ಆ ದಾರಿಯಿಂದ ಮಗುವನ್ನು ಮುಂದಕ್ಕೆ ಕಳಿಸಬಹುದು. ಟೀಚರ್ ಕೈಯಲ್ಲಿ ಇನ್ನೊಂದು ಕೆಲಸವೂ ಇದೆ. ನಿದ್ದೆಗಣ್ಣ, ಅರೆಗಣ್ಣ ಎಂಬ ಅಡ್ಡಹೆಸರು ಮಕ್ಕಳ ಬಾಯಿಗೆ ಬರುವುದು ಹೆಚ್ಚಾಗಿ ದೊಡ್ಡವರ ಬಾಯಿಂದ. ಅದು ಅಂಗನವಾಡಿಯ ಬಾಗಿಲಲ್ಲೇ ನಿಲ್ಲಲಿ. ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಗದ್ದ ಎತ್ತಿ ನೋಡಿದರೆ ‘ತಲೆ ಬಗ್ಗಿಸು’ ಎಂದು ಗದರಬೇಡಿ.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇಂಥ ಮಗುವಿದ್ದರೆ ಆರೋಗ್ಯ ತಂಡ ಬರುವ ದಿನವನ್ನು ಅಂಗನವಾಡಿಯಲ್ಲಿ ಕೇಳಿ ಇಟ್ಟುಕೊಳ್ಳಿ. ಆ ದಿನ ದೂರವಿದ್ದರೆ ಅದಕ್ಕಾಗಿ ಕೂರಬೇಡಿ. ತಾಯಿ ಕಾರ್ಡ್, ರೇಷನ್ ಕಾರ್ಡ್, ಆಧಾರ್ ಹಿಡಿದು ಈ ವಾರವೇ ಜಿಲ್ಲಾ ಆಸ್ಪತ್ರೆಗೆ ಹೋಗಿ. ಕನ್ನಡಕ ಬೇಕೇ, ಪಟ್ಟಿ ಬೇಕೇ ಎಂದು ನೀವಾಗಿಯೇ ಕೇಳಿ. ಮುಂದಿನ ತಪಾಸಣೆಯ ದಿನಾಂಕವನ್ನು ಚೀಟಿಯ ಮೇಲೆ ಬರೆಸಿಕೊಳ್ಳದೆ ಹೊರಗೆ ಬರಬೇಡಿ.